ಪತ್ನಿಯ ಅಗಲಿಕೆಯ ನಂತರ ಧ್ಯಾನಕೂಟಕ್ಕೆ ಹೋಗುವುದು ಸರಿಯೇ? ಹೋಗುವುದಾದರೆ ಎಂಥದ್ದಕ್ಕೆ?

ಪ್ರಶ್ನೆ: ಕುಲಶೇಖರದ ಓದುಗ

ಎಲ್ಲರಿಗೂ ವಂದನೆಗಳು. ನಾನು ಮಂಗಳೂರಿನ ಕುಲಶೇಖರದವನು, ಕಥೋಲಿಕ ಕುಟುಂಬಕ್ಕೆ ಸೇರಿದವನು, ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡು ವರ್ಷ ದಾಟಿತು. ತಿಂಗಳ ಪೂಜೆ, ವರ್ಷದ ಪೂಜೆ ಎರಡೂ ಆದವು. ನವೆಂಬರ್ 2ರ ಮೃತರ ಸ್ಮರಣೆಯ ದಿನ ಮಗಳೊಂದಿಗೆ ಚರ್ಚಿನ ಸ್ಮಶಾನಕ್ಕೆ ಹೋಗಿ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ ಬಂದೆ. ಕಚೇರಿಗೆ ಹೋಗುತ್ತೇನೆ, ಭಾನುವಾರದ ಬಲಿಪೂಜೆಯನ್ನು ತಪ್ಪಿಸಿಲ್ಲ, ವಾಳೆಯ (ಚರ್ಚಿನ ವಾರ್ಡಿನ) ಕೂಟಗಳಲ್ಲಿಯೂ ಇರುತ್ತೇನೆ. ಆದುದರಿಂದ ನಾನು ಸುಧಾರಿಸಿಕೊಂಡಿದ್ದೇನೆ ಎಂದೇ ಬಂಧುಗಳು ಭಾವಿಸಿದ್ದಾರೆ.

ವಸ್ತುಸ್ಥಿತಿ ಹಾಗಿಲ್ಲ. ನನ್ನಿಂದ ಪ್ರಾರ್ಥನೆ ಮಾಡಲಾಗುತ್ತಿಲ್ಲ. ನಮ್ಮ ಮನೆಯಲ್ಲಿ ಪ್ರತಿ ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಆರಂಭಿಸುತ್ತಿದ್ದವಳು ಅವಳೇ. ಅದರಲ್ಲಿ ಬರುವ ಮರಿಯಮ್ಮನವರ ಪ್ರಾರ್ಥನೆಯಾದ ಒಂದೊಂದು ‘ನಮಾನ್ ಮರಿಯೆ’ಯ ಮೊದಲ ಭಾಗವನ್ನು ಅವಳು ಹೇಳಿದರೆ ಉಳಿದುದನ್ನು ನಾನೂ ಮಗಳೂ ಹೇಳುತ್ತಿದ್ದೆವು. ಈಗ ಆ ಮೊದಲ ಭಾಗವನ್ನು ಹೇಳಬೇಕಾದವನು ನಾನು, ಆದರೆ ಹೇಳಹೊರಟರೆ ಗಂಟಲು ಕಟ್ಟುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ತೆರ್ಸ್ ನಿಂತೇ ಹೋಗಿದೆ. ಅವಳು ಕೊನೆಯ ದಿನಗಳಲ್ಲಿ ‘ಮನೆಗೆ ಹೋಗೋಣ’ ಎಂದು ಕೇಳುತ್ತಿದ್ದಳು. ಕರೆದುಕೊಂಡು ಬರುವಷ್ಟು ಚೇತರಿಕೆ ಅವಳಿಗೆ ಬರಲೇ ಇಲ್ಲ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಇದರ ಮೇಲೆ, ಒಂದು ಪ್ರಾರ್ಥನಾಕೂಟದಲ್ಲಿ ಒಬ್ಬರು, ಮನೆಯವರ ವಿಶ್ವಾಸ ಇನ್ನಷ್ಟು ಗಟ್ಟಿಯಾಗಿದ್ದರೆ ಆಕೆ ಗುಣವಾಗುತ್ತಿದ್ದಳು ಎಂಬರ್ಥದ ಮಾತನ್ನು ಆಡಿದರು. ಅಂದಿನಿಂದ ದೇವರ ಮೇಲೆ ಸಿಟ್ಟೂ ಸೇರಿಕೊಂಡಿದೆ ಎಂದು ಹೇಳಬೇಕಾಗುತ್ತದೆ.

ನಮ್ಮ ಧರ್ಮಕೇಂದ್ರದ ಗುರುಗಳು ಮನೆ, ಕೆಲಸ ಬಿಟ್ಟು ಕೆಲವು ದಿನ ಪ್ರಾರ್ಥನೆಯಲ್ಲಿ ಕಳೆಯುವ ಧ್ಯಾನಕೂಟದಲ್ಲಿದ್ದು (ರಿಟ್ರೀಟ್) ಬನ್ನಿ ಎಂದು ಸಲಹೆ ನೀಡಿದ್ದಾರೆ. ಅಣ್ಣ ಮುಲ್ಕಿಯ ಧ್ಯಾನಕೇಂದ್ರಕ್ಕೆ ಹೋಗು ಎನ್ನುತ್ತಾನೆ. ಸಹೋದ್ಯೋಗಿಯೊಬ್ಬರು ಮೌನ ಧ್ಯಾನವೇ ಒಳ್ಳೆಯದೆನ್ನುತ್ತಾರೆ. ದುಃಖವನ್ನು ಅಲ್ಲಿ ಬಿಟ್ಟುಬರುವುದೆಂದರೆ ಅವಳನ್ನೇ ಬಿಟ್ಟುಬಂದಂತಾಗುವುದಿಲ್ಲವೇ ಎಂಬ ಭಯ ನನ್ನದು. ಸಿಟ್ಟಿನಲ್ಲಿರುವವನು ಧ್ಯಾನಕೂಟಕ್ಕೆ ಹೋಗುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಧ್ಯಾನಕೂಟಗಳಲ್ಲಿ ಮಾರ್ಗದರ್ಶನ ನೀಡುವ ಧರ್ಮಭಗಿನಿ

ಸಹೋದರರೇ, ನಿಮ್ಮ ಪತ್ನಿಯ ಆತ್ಮಕ್ಕೆ ಪ್ರಭು ನಿತ್ಯಶಾಂತಿಯನ್ನು ನೀಡಲಿ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸಿಟ್ಟಿದೆ ಎಂಬ ಕಾರಣಕ್ಕೆ ಧ್ಯಾನಕೂಟದ ಬಾಗಿಲವರೆಗೆ ಬಂದು ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಸಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯವನ್ನು ಬಿಡುವು ಮಾಡಿಕೊಂಡು ಓದಿ. ಲಾಜರನು ತೀರಿಕೊಂಡ ಮೇಲೆ ಬಂದ ಯೇಸುವಿಗೆ ಅವನ ಸಹೋದರಿ ಮಾರ್ತಾ ಹೇಳುವ ಮೊದಲ ಮಾತು, ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂಬುದು. ಸ್ವಲ್ಪ ಹೊತ್ತಿನ ನಂತರ ಇನ್ನೊಬ್ಬ ಸಹೋದರಿ ಮರಿಯಾ ಯೇಸುವಿನ ಪಾದಕ್ಕೆ ಬಿದ್ದು ಅದೇ ಮಾತನ್ನು ಆಡುತ್ತಾಳೆ. ಅದು ದೂರು, ಪ್ರೀತಿ ಇರುವವರು ಮಾತ್ರ ಹೇಳಬಲ್ಲ ದೂರು. ಯೇಸು ಇಬ್ಬರನ್ನೂ ಗದರಲಿಲ್ಲ. ಮಾರ್ತಾಳೊಡನೆ ಮಾತನಾಡಿದರು, ಪುನರುತ್ಥಾನದ ಬಗ್ಗೆ ಹೇಳಿದರು. ಮರಿಯಾಳೊಡನೆ ಅಂಥ ಮಾತೇನನ್ನೂ ಆಡದೆ ಕಣ್ಣೀರಿಟ್ಟರು. ಒಂದೇ ದೂರಿಗೆ ಅವರು ಕೊಟ್ಟ ಉತ್ತರ ಇಬ್ಬರಿಗೂ ಬೇರೆ ಬೇರೆ. ಧ್ಯಾನಕೂಟದಲ್ಲಿ ಮಾರ್ಗದರ್ಶಕರಾಗಿ ಕುಳಿತಿರುವವರು ಕಲಿಯಬೇಕಾದ ಮೊದಲ ಪಾಠ ಇದೇ ಎಂದು ನಾನು ನಂಬಿದ್ದೇನೆ: ಎದುರಿಗಿರುವವರಿಗೆ ಇಂದು ಬೇಕಾದುದು ಮಾತೋ, ಜೊತೆಯಲ್ಲಿ ಸುಮ್ಮನೆ ಕೂರುವುದೋ ಎಂಬುದನ್ನು ಗ್ರಹಿಸುವುದು. ಆದ್ದರಿಂದ ಸಿಟ್ಟಿನೊಂದಿಗೇ ಬನ್ನಿ. ಅದನ್ನು ಮುಚ್ಚಿಟ್ಟುಕೊಂಡು ಮಾಡುವ ಪ್ರಾರ್ಥನೆಗಿಂತ ಅದನ್ನೇ ದೇವರ ಮುಂದೆ ಹೇಳುವ ಪ್ರಾರ್ಥನೆ ಎಷ್ಟೋ ಸತ್ಯವಾದುದು.

ಇನ್ನು, ದುಃಖವನ್ನು ಬಿಟ್ಟುಬಂದರೆ ಪತ್ನಿಯನ್ನೇ ಬಿಟ್ಟುಬಂದಂತೆ ಎಂಬ ನಿಮ್ಮ ಭಯದ ವಿಚಾರ. ದೀರ್ಘ ಕಾಯಿಲೆಯಿಂದ ಸಂಗಾತಿಯನ್ನು ಕಳೆದುಕೊಂಡ ಅನೇಕರಲ್ಲಿ ನಾನು ಗಮನಿಸಿರುವ ಸಂಗತಿಯೊಂದಿದೆ. ಆಸ್ಪತ್ರೆಯ ಕೊನೆಯ ಕೆಲವು ವಾರಗಳ ನೆನಪು, ಅದಕ್ಕಿಂತ ಹಿಂದಿನ ಇಡೀ ದಾಂಪತ್ಯದ ನೆನಪನ್ನು ಮುಚ್ಚಿಬಿಟ್ಟಿರುತ್ತದೆ. ಹೆಂಡತಿಯನ್ನು ನೆನೆದಾಗಲೆಲ್ಲ ಹಾಸಿಗೆ, ಸೂಜಿ, ಉಸಿರಾಟದ ಸದ್ದುಗಳೇ ಮುಂದೆ ಬರುತ್ತವೆಯೇ ಹೊರತು, ನಗುತ್ತಿದ್ದ, ಜಗಳವಾಡುತ್ತಿದ್ದ, ಅಡುಗೆಮನೆಯಿಂದ ಕೂಗಿ ಕರೆಯುತ್ತಿದ್ದ ಆ ವ್ಯಕ್ತಿ ಬರುವುದೇ ಇಲ್ಲ. ಒಳ್ಳೆಯ ಧ್ಯಾನಕೂಟದಲ್ಲಿ ಸಡಿಲವಾಗುವುದು ಆ ಕೊನೆಯ ವಾರಗಳ ಹಿಡಿತ. ಅದು ಸಡಿಲವಾದಾಗ ನಿಮ್ಮ ಪತ್ನಿ ನಿಮಗೆ ದೂರವಾಗುವುದಿಲ್ಲ; ಬಹುಕಾಲದಿಂದ ಕಾಣದೆ ಹೋಗಿದ್ದವರು ಮತ್ತೆ ಕಾಣತೊಡಗುತ್ತಾರೆ. ನಮ್ಮ ಧರ್ಮಸಭೆ ಮೃತರಿಗಾಗಿ ಅರ್ಪಿಸುವ ಬಲಿಪೂಜೆಯ ಪ್ರಾರ್ಥನೆಯಲ್ಲಿ, ಬದುಕು ಬದಲಾಗುತ್ತದೆಯೇ ಹೊರತು ಕೊನೆಗೊಳ್ಳುವುದಿಲ್ಲ ಎಂದು ಹೇಳುತ್ತೇವೆ. ಆಕೆಯನ್ನು ದೇವರ ಕೈಗೆ ಒಪ್ಪಿಸುವುದೆಂದರೆ ಆ ಮಾತನ್ನು ನಿಮ್ಮ ಮನೆಯ ಮಟ್ಟಿಗೂ ನಿಜವೆಂದು ಸ್ವೀಕರಿಸುವುದು.

ಅವರು ಮನೆಗೆ ಹೋಗಲು ಬಯಸಿದ್ದು, ಅದು ಆಗದೆ ಹೋದದ್ದು ಪಾಪವಲ್ಲ. ಅದನ್ನು ಪಾಪನಿವೇದನೆಯಲ್ಲಿ ಮತ್ತೆ ಮತ್ತೆ ಹೇಳಿದರೂ ಹಗುರವಾಗುವುದಿಲ್ಲ, ಏಕೆಂದರೆ ಅಲ್ಲಿ ಕ್ಷಮೆ ಬೇಡಬೇಕಾದ ಅಪರಾಧವೇ ಇಲ್ಲ. ದಾಂಪತ್ಯದಲ್ಲಿ ನಿಜವಾಗಿ ನೋಯಿಸಿದ ಸಂದರ್ಭಗಳಿದ್ದರೆ ಅವನ್ನು ಗುರುಗಳ ಬಳಿ ನಿವೇದಿಸಿ ಮುಗಿಸಿಬಿಡಿ. ಉಳಿದುದು ಬರಿಯ ನೋವು. ಅದಕ್ಕೆ ಬೇಕಾದುದು ಸಾಂತ್ವನ.

ಯಾವ ಬಗೆಯ ಧ್ಯಾನಕೂಟ ಎಂಬ ಪ್ರಶ್ನೆಗೆ ನನ್ನ ಸ್ವಂತ ಒಲವು ಸಂತ ಇಗ್ನೇಷಿಯಸ್ ಲೊಯೊಲಾ ಅವರ ಕ್ರಮದ ಮೌನ ಧ್ಯಾನದ ಕಡೆಗಿದೆ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಯೋಧ ಆತ. ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ಒಂಟಿಯಾಗಿ ಪ್ರಾರ್ಥಿಸುತ್ತಾ, ಪ್ರಾಣ ಕಳೆದುಕೊಳ್ಳಬೇಕೆನಿಸುವಷ್ಟು ಕತ್ತಲೆಯನ್ನೂ ದಾಟಿ, ತಾನು ಕಂಡುಕೊಂಡುದನ್ನು ಟಿಪ್ಪಣಿ ಮಾಡಿಕೊಂಡರು. ಅದೇ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯಾಗಿ 1548ರಲ್ಲಿ ಮೂರನೆಯ ಪೌಲ್ ಪೋಪರ ಅನುಮೋದನೆ ಪಡೆಯಿತು. ಇಗ್ನೇಷಿಯಸರು ಸ್ಥಾಪಿಸಿದ ಯೇಸುಸಭೆಯ (ಜೆಸ್ವಿಟ್) ಗುರುಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಕಾಲದಿಂದಲೂ ಈ ಸಂಪ್ರದಾಯ ನಮ್ಮ ಊರಿನಲ್ಲಿದೆ. ಕಂಕನಾಡಿಯ ಫಾತಿಮಾ ರಿಟ್ರೀಟ್ ಹೌಸ್ ಅವರದೇ. ಪೂರ್ಣ ಸಾಧನೆಗೆ ಸುಮಾರು 30 ದಿನಗಳು ಬೇಕು. ಗೃಹಸ್ಥರು ಹೆಚ್ಚಾಗಿ ಎರಡು ಮೂರು ದಿನಗಳದ್ದನ್ನೋ ಎಂಟು ದಿನಗಳದ್ದನ್ನೋ ಆರಿಸಿಕೊಳ್ಳುತ್ತಾರೆ. ಮನೆಯಲ್ಲಿದ್ದುಕೊಂಡೇ ದಿನಕ್ಕೆ ಒಂದೂವರೆ ಗಂಟೆಯಷ್ಟು ಕಾಲ ಪ್ರಾರ್ಥಿಸಿ, ತಿಂಗಳುಗಟ್ಟಲೆ ನಡೆಸಿಕೊಂಡು ಹೋಗುವ ಕ್ರಮವನ್ನೂ ಇಗ್ನೇಷಿಯಸರೇ ಸೂಚಿಸಿದ್ದಾರೆ. ಮಗಳನ್ನು ಬಿಟ್ಟು ಬರಲಾಗದಿದ್ದರೆ ಅದು ನಿಮಗೆ ಒದಗುತ್ತದೆ.

ಮೌನ ಧ್ಯಾನದ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಹೊಸಬರಿಗೆ ಅಂಜಿಕೆ ಇರುವುದು ಅದರ ಬಗ್ಗೆಯೇ. ಊಟದ ಹೊತ್ತಿನಲ್ಲಿಯೂ ಮಾತಿಲ್ಲ, ಫೋನ್ ಇಲ್ಲ. ದಿನಕ್ಕೆ ನಾಲ್ಕೈದು ಬಾರಿ, ಸುಮಾರು ಒಂದು ಗಂಟೆಯಂತೆ, ಕೊಟ್ಟಿರುವ ಶುಭಸಂದೇಶದ ಭಾಗವನ್ನಿಟ್ಟುಕೊಂಡು ಪ್ರಾರ್ಥಿಸುತ್ತೀರಿ. ಆ ಘಟನೆ ನಡೆದ ಜಾಗ, ದಾರಿ, ಅಲ್ಲಿದ್ದವರ ಮುಖ, ಅವರಾಡಿದ ಮಾತು ಇವನ್ನೆಲ್ಲ ಮನಸ್ಸಿನ ಕಣ್ಣಿನಿಂದ ಕಂಡು, ಕೊನೆಗೆ ಸ್ನೇಹಿತನೊಬ್ಬ ಸ್ನೇಹಿತನೊಡನೆ ಮಾತನಾಡುವಂತೆ ಪ್ರಭುವಿನೊಡನೆ ಮಾತನಾಡುತ್ತೀರಿ. ದಿನಕ್ಕೊಮ್ಮೆ ಮಾರ್ಗದರ್ಶಕರನ್ನು ಕಂಡು ಏನಾಯಿತೆಂದು ಹೇಳುತ್ತೀರಿ. ಅವರು ಹೆಚ್ಚು ಮಾತನಾಡಬಾರದು. ಸೃಷ್ಟಿಕರ್ತನೂ ಆತ್ಮವೂ ನೇರವಾಗಿ ವ್ಯವಹರಿಸುವಾಗ ನಡುವೆ ಬರಬಾರದು ಎಂದು ಇಗ್ನೇಷಿಯಸರು ಮಾರ್ಗದರ್ಶಕರಿಗೇ ಎಚ್ಚರಿಕೆ ನೀಡಿದ್ದಾರೆ. ಏನೂ ಆಗುತ್ತಿಲ್ಲ, ಮನಸ್ಸು ಒಣಗಿದೆ ಎನಿಸಿದರೆ ಅದನ್ನೂ ಹಾಗೆಯೇ ಹೇಳಿ.

ದುಃಖಿತರಿಗೆ ಈ ಕ್ರಮ ಹೊಂದುವುದಕ್ಕೆ ನನಗೆ ಕಾಣುವ ಕಾರಣವೊಂದಿದೆ. ಈ ಸಾಧನೆಯ ನಾಲ್ಕು ಘಟ್ಟಗಳಲ್ಲಿ, ಪ್ರಭುವಿನ ಯಾತನೆಯನ್ನು ಧ್ಯಾನಿಸುವ ಮೂರನೆಯದರಲ್ಲಿ ಇಗ್ನೇಷಿಯಸರು ಕಣ್ಣೀರನ್ನು ಒಂದು ವರವಾಗಿ ಬೇಡಿಕೊಳ್ಳಿ ಎನ್ನುತ್ತಾರೆ. ಯಾರೂ ಅಲ್ಲಿ ನಿಮ್ಮ ಅಳುವನ್ನು ನಿಲ್ಲಿಸುವ ಆತುರದಲ್ಲಿರುವುದಿಲ್ಲ. ಒಂಟಿ ಅಳುವು ಕ್ರಿಸ್ತನ ಜೊತೆಗಿನ ಅಳುವಾಗಲಿ ಎಂಬುದಷ್ಟೇ ಅಪೇಕ್ಷೆ. ನಾಲ್ಕನೆಯ ಘಟ್ಟ ಪುನರುತ್ಥಾನದ್ದು. ಅದರ ಮೊದಲ ಧ್ಯಾನವೇ, ಎದ್ದುಬಂದ ಯೇಸು ತಮ್ಮ ತಾಯಿಗೆ ಕಾಣಿಸಿಕೊಂಡ ಪ್ರಸಂಗ. ಶುಭಸಂದೇಶಗಳಲ್ಲಿ ಅದರ ಉಲ್ಲೇಖವಿಲ್ಲ, ಆದರೂ ದುಃಖಿತಳಾದ ತಾಯಿಯ ಬಳಿಗೆ ಮಗ ಮೊದಲು ಹೋಗದೆ ಇದ್ದಾನೆಯೇ ಎಂಬ ಭಾವದಿಂದ ಇಗ್ನೇಷಿಯಸರು ಅದನ್ನು ಮೊದಲಿಗಿಟ್ಟಿದ್ದಾರೆ. ಗೆಳೆಯರು ಒಬ್ಬರನ್ನೊಬ್ಬರು ಸಂತೈಸುವ ಹಾಗೆ ಕ್ರಿಸ್ತನು ಸಂತೈಸುವುದನ್ನು ನೋಡು ಎಂದು ಅಲ್ಲಿ ಬರೆದಿದ್ದಾರೆ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡವರು ಬರೆದ ಮಾತಿದು. ಈ ಭಾಗವನ್ನು ಯಾರಿಗೆ ಕೊಡುವಾಗಲೂ ನನಗೆ ಅದು ನೆನಪಾಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸರ ಪ್ರಸಿದ್ಧ ನಿಯಮ. ಮನೆ ಮಾರುವುದು, ಕೆಲಸ ಬಿಡುವುದು, ಮಗಳನ್ನು ಹಾಸ್ಟೆಲಿಗೆ ಸೇರಿಸುವುದು, ಮರುಮದುವೆ ಮುಂತಾದ ಯಾವ ತೀರ್ಮಾನವನ್ನೂ ಧ್ಯಾನಕೂಟದ ನಡುವೆಯಾಗಲಿ, ಅಲ್ಲಿಂದ ಬಂದ ವಾರದಲ್ಲಾಗಲಿ ಕೈಗೊಳ್ಳಬೇಡಿ. ಎರಡನೆಯದಾಗಿ, ಅಲ್ಲಿ ದೊರೆತ ಸಮಾಧಾನ ಮನೆಗೆ ಮರಳಿದ ಮೇಲೆ ಕೆಲವು ದಿನ ಮಾಸಿದಂತೆ ಕಂಡರೆ ಎಲ್ಲವೂ ಸುಳ್ಳಾಗಿತ್ತು ಎಂದುಕೊಳ್ಳಬೇಡಿ.

ಹೊರಡುವ ಮೊದಲು ಸಂತ ಲೂಕರ 24ನೇ ಅಧ್ಯಾಯದ ಎಮ್ಮಾವು ದಾರಿಯ ಕಥೆಯನ್ನು ಓದಿಕೊಳ್ಳಿ. ಗುರುವಿನ ಮರಣದ ನಂತರ ಸಪ್ಪೆ ಮುಖದಿಂದ ನಿಂತ ಆ ಇಬ್ಬರು ಶಿಷ್ಯರ ಜೊತೆ ಸೇರಿದ, ಎದ್ದುಬಂದ ಯೇಸು, ಎಲ್ಲವನ್ನೂ ಬಲ್ಲವರಾಗಿದ್ದರೂ, ಏನು ನಡೆಯಿತು ಎಂದು ಅವರಿಂದಲೇ ಕೇಳುತ್ತಾರೆ. ನಾವು ನಿರೀಕ್ಷೆ ಇಟ್ಟುಕೊಂಡಿದ್ದೆವು ಎಂಬ ಆ ಮುರಿದ ಮಾತಿನವರೆಗೂ ಕೇಳಿಸಿಕೊಂಡ ಮೇಲಷ್ಟೇ ತಾವು ಮಾತನಾಡುತ್ತಾರೆ. ನೀವೂ ಪೂರ್ತಿ ಹೇಳಿಕೊಳ್ಳಬೇಕು, ಸಹೋದರರೇ. ಒಂದು ವರ್ಷದಲ್ಲಿ ಯಾರ ಮುಂದೆಯೂ ನೀವು ಪೂರ್ತಿ ಹೇಳಿಕೊಂಡಂತಿಲ್ಲ.

ಉತ್ತರ: ಕಲ್ಯಾಣಪುರದ ಓದುಗ

ಧರ್ಮಭಗಿನಿಯವರ ಉತ್ತರವನ್ನು ಗೌರವದಿಂದ ಓದಿದೆ. ಆದರೆ ಮೌನವೇ ಎಲ್ಲರಿಗೂ ಹೊಂದುತ್ತದೆ ಎಂಬ ಅಭಿಪ್ರಾಯ ಓದುಗರಲ್ಲಿ ಉಳಿಯಬಾರದೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಹೆದ್ದಾರಿಯ ಅಪಘಾತದಲ್ಲಿ ನಾನೂ ನನ್ನ ಹೆಂಡತಿಯೂ ನಮ್ಮ ಮಗನನ್ನು ಕಳೆದುಕೊಂಡೆವು. ಆ ಬಳಿಕ ನಮ್ಮ ಮನೆಯಲ್ಲಿ ಮೌನಕ್ಕೇನೂ ಕೊರತೆ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಂದೆ ಒಬ್ಬರು ಅಳಬಾರದೆಂದು ಮಾತನ್ನೇ ಬಿಟ್ಟಿದ್ದೆವು. ಅಂಥ ಸ್ಥಿತಿಯಲ್ಲಿ ನಾವು ಹೋದದ್ದು ಮುಲ್ಕಿಯ ಡಿವೈನ್ ಕಾಲ್ ಸೆಂಟರಿಗೆ. ಅದನ್ನು ನಡೆಸುವವರು ಎಸ್‌ವಿಡಿ ಎಂಬ ಕಥೋಲಿಕ ಧಾರ್ಮಿಕ ಸಭೆಯ ಗುರುಗಳು. ಗಟ್ಟಿ ದನಿಯಲ್ಲಿ ಸ್ತುತಿ, ಹಾಡು, ದೇವವಾಕ್ಯದ ಬೋಧನೆ, ಪರಮಪ್ರಸಾದದ ಆರಾಧನೆ, ಆಂತರಿಕ ಸೌಖ್ಯಕ್ಕಾಗಿ ಪ್ರಾರ್ಥನೆ ಹೀಗೆ ಅಲ್ಲಿ ದಿನ ತುಂಬಿಕೊಂಡಿತ್ತು. ಸಭಾಂಗಣದ ತುಂಬ ಜನ ಕೈ ಎತ್ತಿ ಹಾಡುತ್ತಿರುವಾಗ ನಮ್ಮ ಅಳು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ನಮ್ಮಿಬ್ಬರಿಗೂ ಬೇಕಾಗಿದ್ದುದು ಅದೇ. ಮಗನ ಹೆಸರನ್ನು ನನ್ನ ಹೆಂಡತಿ ಗಟ್ಟಿಯಾಗಿ ಕರೆದು ಅತ್ತದ್ದು ಅಲ್ಲಿಯೇ ಮೊದಲು, ಮತ್ತು ಅಲ್ಲಿಂದ ಬಂದ ಮೇಲೆ ನಾವು ಒಬ್ಬರೊಡನೊಬ್ಬರು ಅವನ ವಿಷಯ ಮಾತನಾಡತೊಡಗಿದೆವು.

1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕೆಲವು ವಿದ್ಯಾರ್ಥಿಗಳ ಧ್ಯಾನಕೂಟದಿಂದ ಆರಂಭವಾದ, ಇಂಥ ಸ್ತುತಿ ಹಾಡುಗಳ ಕಥೋಲಿಕ ನವೀಕರಣ ಚಳವಳಿ ನಮ್ಮ ಕರಾವಳಿಗೂ ಬಂದು, ಹಾಡಿನ ಮೂಲಕವೇ ಪ್ರಾರ್ಥಿಸಬಲ್ಲ ಸಾಮಾನ್ಯರಿಗೆ ದೊಡ್ಡ ಆಸರೆಯಾಗಿದೆ. ತಾವಾಗಿ ಪ್ರಾರ್ಥಿಸಲಾಗದವರನ್ನು ಇತರರ ದನಿ ಹೊತ್ತೊಯ್ಯುತ್ತದೆ. ತೆರ್ಸ್ ಹೇಳಲು ಗಂಟಲು ಕಟ್ಟುತ್ತದೆ ಎಂದಿರುವ ನಿಮಗೆ ಇದು ಅನ್ವಯಿಸಬಹುದು.

ಇನ್ನು ನಿಮ್ಮ ಪತ್ನಿಯ ಸಾವಿಗೆ ವಿಶ್ವಾಸದ ಕೊರತೆ ಕಾರಣ ಎಂದವರ ಮಾತು. ಅದನ್ನು ಓದಿ ನನಗೆ ಬಹಳ ನೋವಾಯಿತು, ಏಕೆಂದರೆ ಕಾಯಿಲೆ ಗುಣವಾಗಲೆಂದು ಬೇಡುವ ಸೌಖ್ಯದ ಪ್ರಾರ್ಥನೆಯನ್ನು ಪ್ರೀತಿಸುವ ನಮ್ಮಂಥವರ ನಡುವೆಯೇ ಅಂಥ ಮಾತು ಹುಟ್ಟುತ್ತದೆ. ಸಂತ ಪೌಲರು ತಮ್ಮ ಶರೀರದ ಮುಳ್ಳನ್ನು, ಅಂದರೆ ತಮ್ಮನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆಯಬೇಕೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಅವರಿಗೆ ವಿಶ್ವಾಸ ಕಡಿಮೆ ಇತ್ತೆಂದು ಯಾರು ಹೇಳಬಲ್ಲರು? ಬೈಬಲ್ಲಿನಲ್ಲಿ ತಪ್ಪಿಲ್ಲದೆಯೂ ನರಳಿದ ಯೋಬನ ಕಷ್ಟಕ್ಕೆ ಅವನ ತಪ್ಪೇ ಕಾರಣವೆಂದು ವಾದಿಸಿದ ಗೆಳೆಯರ ಮೇಲೆ ದೇವರು ಕೋಪಗೊಂಡರೇ ಹೊರತು, ದೇವರೊಡನೆ ಜಗಳವಾಡಿದ ಯೋಬನ ಮೇಲಲ್ಲ. ಸೌಖ್ಯಪ್ರಾರ್ಥನೆಗಳ ಕುರಿತು 2000ದ ಸೆಪ್ಟೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯಲ್ಲಿಯೂ ಉದ್ವೇಗ, ಕೃತಕತೆ, ನಾಟಕೀಯತೆಗಳಿಗೆ ಅವಕಾಶ ಕೊಡಬಾರದೆಂದು ಹೇಳಿದೆ. ಯಾವ ಕೂಟದಲ್ಲಾದರೂ ಅಂಥ ಮಾತು ಕೇಳಿಬಂದರೆ ಎದ್ದು ಬಂದುಬಿಡಿ.

ಉತ್ತರ: ಬಲ್ಮಠದಿಂದ ಒಬ್ಬ ಓದುಗಿ

ನಾನು ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಯವಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿ ಬೆಳೆದ ನಮ್ಮಲ್ಲಿ ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ. ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಉಳಿದವರಿಗಾಗಿ ಬೇಡಿಕೊಳ್ಳುತ್ತೇವೆ. ಆ ವ್ಯತ್ಯಾಸವನ್ನು ಬದಿಗಿಟ್ಟು, ಎರಡೂ ಸಭೆಗಳ ಸ್ವತ್ತಾಗಿರುವ ಬೈಬಲ್ಲಿನ ಕೀರ್ತನೆಗಳ ಬಗ್ಗೆ ಒಂದು ಮಾತು ಹೇಳಲು ಬಯಸುತ್ತೇನೆ.

150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. ನಾವು ಆರಾಧನೆಯಲ್ಲಿ ಸ್ತುತಿಯ ಕೀರ್ತನೆಗಳನ್ನೇ ಆರಿಸಿಕೊಳ್ಳುವುದರಿಂದ ಇದು ನಮಗೆ ಮರೆತೇ ಹೋಗುತ್ತದೆ. 13ನೇ ಕೀರ್ತನೆ ಆರಂಭದ ಎರಡೇ ವಚನಗಳಲ್ಲಿ ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ, ಆದರೂ ಕೊನೆಗೆ ಭರವಸೆಯತ್ತ ತಿರುಗುತ್ತದೆ. 88ನೇ ಕೀರ್ತನೆ ಅಷ್ಟನ್ನೂ ಮಾಡುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲದ ಪ್ರಾರ್ಥನೆಯನ್ನು ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡಿರುವುದು ನನ್ನ ಗಂಡ ತೀರಿಕೊಂಡ ವರ್ಷದಲ್ಲಿ ನನಗೆ ಬಹಳ ದೊಡ್ಡ ಬಲವಾಗಿತ್ತು. ಅದನ್ನು ಓದುವ ದಿನ ಆಶಾಭಾವವನ್ನು ನಟಿಸಬೇಕಾಗಿರಲಿಲ್ಲ. ನೀವು ಧ್ಯಾನಕೂಟಕ್ಕೆ ಹೋದಾಗ ಈ ಎರಡನ್ನೂ ಗಟ್ಟಿಯಾಗಿ ಓದಿ, ಬಳಿಕ ನಿಮ್ಮದೇ ಮಾತುಗಳಲ್ಲಿ ಒಂದು ಪ್ರಲಾಪವನ್ನು ಬರೆಯಿರಿ. ಆ ‘ಮನೆಗೆ ಹೋಗೋಣ’ ಎಂಬ ಮಾತನ್ನೂ ಅದರಲ್ಲಿ ಸೇರಿಸಿ. ಯಾರಿಗೂ ತೋರಿಸಬೇಕಾಗಿಲ್ಲ.

ಉತ್ತರ: ಉಡುಪಿಯ ನಿವೃತ್ತ ಶುಶ್ರೂಷಕಿ

ಮೇಲಿನ ಎಲ್ಲ ಮಾತುಗಳಿಗೂ ನನ್ನ ಸಹಮತವಿದೆ. ಬಿಟ್ಟುಹೋಗಿರುವ ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ. ಎಲ್ಲ ಶೋಕವೂ ಕಾಯಿಲೆಯಲ್ಲ, ಆದರೆ ಕೆಲವೊಮ್ಮೆ ಅದು ವೈದ್ಯರ ಸಹಾಯ ಬೇಕಾದ ಸ್ಥಿತಿಗೆ ತಲುಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ದೀರ್ಘಕಾಲದ ಶೋಕದ ತೊಂದರೆಯನ್ನು ಪ್ರತ್ಯೇಕವಾಗಿ ಗುರುತಿಸಿ ಕನಿಷ್ಠ 6 ತಿಂಗಳ ಅವಧಿಯನ್ನು ಹೇಳುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ವಯಸ್ಕರಿಗೆ 12 ತಿಂಗಳು, ಮಕ್ಕಳಿಗೂ ಹದಿಹರೆಯದವರಿಗೂ 6 ತಿಂಗಳು ಎಂದಿದೆ. ಅವಧಿಯೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ. ಹಗಲಿರುಳೆನ್ನದೆ ತೀವ್ರ ಹಂಬಲ, ತಾನೂ ಸತ್ತಂತೆ ಎಂಬ ಭಾವ, ನಿದ್ರೆ, ಊಟ, ಕೆಲಸ ಎಲ್ಲವೂ ಕೆಡುವುದು, ಬದುಕುವುದೇ ಬೇಡವೆನಿಸುವುದು ಇವು ಜೊತೆಗೂಡಿದರೆ ಧ್ಯಾನಕೂಟಕ್ಕಿಂತ ಮೊದಲು ಮನೋವೈದ್ಯರನ್ನು ಕಾಣಬೇಕು. ದೀರ್ಘ ಮೌನ ಅಂಥವರನ್ನು ಇನ್ನಷ್ಟು ಕುಗ್ಗಿಸಬಹುದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಶೋಕಕ್ಕೆ ಐದು ಹಂತಗಳಿವೆ, ಅವು ಒಂದಾದ ಮೇಲೊಂದು ಮುಗಿಯಬೇಕು ಎಂಬ ನಂಬಿಕೆಯೂ ನಮ್ಮಲ್ಲಿ ಹರಡಿದೆ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಅವರು ಆ ಹಂತಗಳನ್ನು ವಿವರಿಸಿದ್ದು ಸಾವಿನಂಚಿನಲ್ಲಿದ್ದ ರೋಗಿಗಳನ್ನು ಕುರಿತು. ವರ್ಷ ಕಳೆದರೂ ಸಿಟ್ಟಿದೆಯೆಂದು ನೀವು ಯಾವುದೋ ಹಂತದಲ್ಲಿ ಸಿಲುಕಿದ್ದೀರಿ ಎಂದು ತಿಳಿಯಬೇಕಾಗಿಲ್ಲ.

ನಿಮ್ಮ ಬರಹದಲ್ಲಿ ಮಗಳು ಸಂಜೆಯ ಪ್ರಾರ್ಥನೆಯ ಪ್ರಸ್ತಾಪದಲ್ಲಿ ಬಂದು ಮರೆಯಾದಳು. ತಾಯಿಯನ್ನು ಕಳೆದುಕೊಂಡ ಹುಡುಗಿ ತಂದೆಗೆ ನೋವಾಗಬಾರದೆಂದು ತನ್ನ ನೋವನ್ನು ಅಡಗಿಸಿಕೊಳ್ಳುವುದು ಬಹಳ ಸಾಮಾನ್ಯ. ದಯವಿಟ್ಟು ಅವಳನ್ನು ಕೇಳಿ.

ಪ್ರತಿಕ್ರಿಯೆ: ಕುಲಶೇಖರದ ಓದುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಡುಪಿಯ ಅಕ್ಕನವರ ಮಾತಿನಂತೆ ನಿನ್ನೆ ಮಗಳನ್ನು ಕೇಳಿದೆ. ಅವಳು ಬಹಳ ಹೊತ್ತು ಮಾತನಾಡಿದಳು. ತೆರ್ಸ್ ನಿಂತುಹೋದದ್ದು ಅವಳಿಗೂ ನೋವಾಗಿದೆ, ಆದರೆ ನನಗೆ ಕಷ್ಟವಾಗುತ್ತದೆಂದು ಸುಮ್ಮನಿದ್ದಳು. ಕಲ್ಯಾಣಪುರದ ಅಣ್ಣನವರೇ, ನಿಮ್ಮ ಮಗನ ಬಗ್ಗೆ ಓದಿ ನಾನೂ ಅವಳೂ ಬೇಡಿಕೊಂಡೆವು.

ಮಾರ್ಗದರ್ಶಕರ ಜೊತೆಗಿನ ಎರಡು ಮೂರು ದಿನಗಳ ಮೌನ ಧ್ಯಾನಕ್ಕೆ ಹೋಗಲು ಮನಸ್ಸು ಮಾಡಿದ್ದೇನೆ. ಪೂರ್ತಿಯಾಗಿ ಹೇಳಿಕೊಳ್ಳಬೇಕೆಂಬ ಸಿಸ್ಟರ್ ಅವರ ಮಾತು ನನ್ನನ್ನು ತಟ್ಟಿತು. ಮಗಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಿದೆ, ಅವಳೂ ಬರಬಹುದೇ? ನಾನು ಇನ್ಸುಲಿನ್ ತೆಗೆದುಕೊಳ್ಳುವವನು, ಅದಕ್ಕೆ ಅಲ್ಲಿ ವ್ಯವಸ್ಥೆ ಇರುತ್ತದೆಯೇ?

ಉತ್ತರ: ಧ್ಯಾನಕೂಟಗಳಲ್ಲಿ ಮಾರ್ಗದರ್ಶನ ನೀಡುವ ಧರ್ಮಭಗಿನಿ

ಮೊದಲಿಗೆ ಕಲ್ಯಾಣಪುರದ ಸಹೋದರರಿಗೆ: ನೀವು ಬರೆದುದು ಸರಿ. ಮನೆಯಲ್ಲಿಯೇ ಮಾತು ಸತ್ತುಹೋಗಿದ್ದವರಿಗೆ ಇನ್ನಷ್ಟು ಮೌನವನ್ನು ನಾನೂ ಸೂಚಿಸುವುದಿಲ್ಲ. ಗಂಡ ಹೆಂಡತಿ ಜೊತೆಯಾಗಿ ಶೋಕಿಸುವಾಗ ನಿಮ್ಮ ದಾರಿಯೇ ಒಳ್ಳೆಯದಿರಬಹುದು.

ಕುಲಶೇಖರದ ಸಹೋದರರೇ, ಮಗಳ ಪರೀಕ್ಷೆ ಮುಗಿಯುವವರೆಗೆ ಕಾಯಿರಿ. ಅವಳನ್ನು ಈ ಹೊತ್ತಿನಲ್ಲಿ ಒಂಟಿಯಾಗಿ ಬಿಡುವುದೂ ಬೇಡ, ಓದಿನ ನಡುವೆ ಮೌನ ಧ್ಯಾನಕ್ಕೆ ಕರೆತರುವುದೂ ಬೇಡ. ನೀವು ಹೋದಾಗ ಅವಳು ಚಿಕ್ಕಮ್ಮನ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಇರಲಿ. ಅವಳಿಗೆ ಬೇಕೆನಿಸಿದರೆ ಯುವಜನರ ಧ್ಯಾನಕೂಟಕ್ಕೆ ಮುಂದೆ ಹೋಗಬಹುದು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ವಾರಾಂತ್ಯಗಳಲ್ಲಿ ಕೊಠಡಿಗಳು ಬೇಗ ತುಂಬುವುದರಿಂದ ಈಗಲೇ ವಿಚಾರಿಸಿಡಿ. ಬೋಧನೆಗಳಿರುವ ಕೂಟವೋ, ಒಬ್ಬೊಬ್ಬರಿಗೂ ಪ್ರತ್ಯೇಕ ಮಾರ್ಗದರ್ಶನವಿರುವುದೋ ಎಂದು ಕೇಳಿ, ಎರಡನೆಯದನ್ನೇ ಕೋರಿ. ಪತ್ನಿಯನ್ನು ಕಳೆದುಕೊಂಡಿರುವ ವಿಷಯವನ್ನು ಮಾರ್ಗದರ್ಶಕರಿಗೆ ಮೊದಲೇ ತಿಳಿಸಿದರೆ ಅವರು ಪ್ರಾರ್ಥನೆಯ ಭಾಗಗಳನ್ನು ಅದಕ್ಕೆ ತಕ್ಕಂತೆ ಆರಿಸುತ್ತಾರೆ. ಇನ್ಸುಲಿನ್ ಇಡಲು ಫ್ರಿಜ್ ಬೇಕು, ಊಟ ಹೊತ್ತಿಗೆ ಸರಿಯಾಗಿ ಆಗಬೇಕು ಎಂಬುದನ್ನು ಕಚೇರಿಗೂ ಅಡುಗೆಯವರಿಗೂ ಹೇಳಿಡಿ, ಉಪವಾಸ ಮಾಡಬೇಡಿ, ಯಾವ ಔಷಧವನ್ನೂ ನಿಲ್ಲಿಸಬೇಡಿ. ಅಲ್ಲಿಯವರೆಗೆ ಸಂಜೆ ಪೂರ್ತಿ ತೆರ್ಸ್ ಬೇಡ. ಒಂದೇ ಒಂದು ‘ನಮಾನ್ ಮರಿಯೆ’ ಸಾಕು, ಮೊದಲ ಭಾಗವನ್ನು ಮಗಳು ಹೇಳಲಿ.